ಮೌನಕ್ಕೊಂದು ಸೂರು ಕಟ್ಟಿದವರು



ನಮ್ಮ ಹೈದರಾಬಾದಿನಲ್ಲಿ ಈಗ ವಾರಾಂತ್ಯ ಹತ್ತಿರ ಬಂತೆಂದರೆ ಫೋನಿಗೆ ಬರುವ ಜಾಹೀರಾತುಗಳಲ್ಲಿ ಒಂದಾದರೂ ‘ರಿಟ್ರೀಟ್’ ಎಂಬ ಪದ ಹೊತ್ತು ಬರುತ್ತದೆ. ವಿಕಾರಾಬಾದಿನ ಅನಂತಗಿರಿ ಕಾಡಿನ ಅಂಚಿನಲ್ಲಿ ಎರಡು ದಿನ, ಮೊಯಿನಾಬಾದಿನ ತೋಟದ ಮನೆಯಲ್ಲಿ ಒಂದು ದಿನ. ಧ್ಯಾನ, ಮೌನ, ಮರಗಳ ನಡುವೆ ನಡಿಗೆ, ಎಲ್ಲರೂ ಸುತ್ತ ಕುಳಿತು ಮಾತುಕತೆ. ನಮ್ಮಲ್ಲಿ ಕೆಲವರು ಹೋಗಿ ಬಂದಿದ್ದಾರೆ, ಕೆಲವರು “ಇದೆಲ್ಲ ಹೊರದೇಶದಿಂದ ಬಂದ ಹೊಸ ಶೋಕಿ” ಎನ್ನುತ್ತಾರೆ, ಇನ್ನು ಕೆಲವರು “ನಾನು ಹೋದರೆ ಮನೆ ಯಾರು ನೋಡಿಕೊಳ್ಳುತ್ತಾರೆ?” ಎಂದು ಕೇಳಿ ಸುಮ್ಮನಾಗುತ್ತಾರೆ. ಈ ಲೇಖನ ಮುಖ್ಯವಾಗಿ ಮೂರನೆಯ ಗುಂಪಿನವರಿಗೆ.

ಇದು ಹೊಸತಲ್ಲ. ದಿನದ ಗದ್ದಲ ಬಿಟ್ಟು, ಒಂದು ಕಡೆ ನೆಲೆನಿಂತು, ಮನಸ್ಸನ್ನು ನೋಡಿಕೊಳ್ಳುವ ಪದ್ಧತಿಗೆ ನಾವಿರುವ ಈ ಸೀಮೆಯಲ್ಲಿ ಸಾವಿರದ ಏಳುನೂರು ವರ್ಷಕ್ಕೂ ಹಿಂದಿನ ಕಲ್ಲಿನ ದಾಖಲೆಗಳಿವೆ. ಆ ಕಲ್ಲುಗಳನ್ನು ಓದಿದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಮೌನವಾಗಿ ಕುಳಿತವರ ಹೆಸರುಗಳಿಗಿಂತ, ಅವರಿಗೆ ಕುಳಿತುಕೊಳ್ಳಲು ಜಾಗ ಕಟ್ಟಿಸಿಕೊಟ್ಟವರ ಹೆಸರುಗಳೇ ಅಲ್ಲಿ ಹೆಚ್ಚು. ಮತ್ತು ಅವುಗಳಲ್ಲಿ ಅನೇಕ ಹೆಸರುಗಳು ಹೆಣ್ಣುಮಕ್ಕಳವು.

ಮಳೆಗಾಲ ಕೊಟ್ಟ ಬಿಡುವು

ಮೊದಲು ಪದದಿಂದಲೇ ಶುರು ಮಾಡೋಣ. ಮೈಂಡ್‌ಫುಲ್‌ನೆಸ್ ಎಂದು ಇಂದು ಜಗತ್ತು ಕರೆಯುವುದು ಪಾಲಿ ಭಾಷೆಯ ಒಂದು ಪುಟ್ಟ ಪದದ ಅನುವಾದ. 1881ರಲ್ಲಿ ಪಾಲಿ ವಿದ್ವಾಂಸ ರೀಸ್ ಡೇವಿಡ್ಸ್ ಆ ಇಂಗ್ಲಿಷ್ ಪದವನ್ನು ಬಳಸಿದ. ಮೂಲ ಪದ ‘ಸತಿ’. ಕನ್ನಡದ ಕಿವಿಗೆ ಅದು ಹೆಂಡತಿ ಎಂದೇ ಕೇಳಿಸುತ್ತದೆ! ಆದರೆ ಅದು ಬೇರೆ ಪದ. ಸಂಸ್ಕೃತದ ‘ಸ್ಮೃತಿ’ ಪಾಲಿಯಲ್ಲಿ ಸವೆದು ‘ಸತಿ’ ಆಗಿದೆ. ನೆನಪು, ಎಚ್ಚರ, ಈಗ ಏನು ನಡೆಯುತ್ತಿದೆ ಎಂಬುದರ ಅರಿವು ಎಂದು ಅರ್ಥ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಟ್ ಝಿನ್ ಒತ್ತಡ ಇಳಿಸುವ ತರಬೇತಿ ಶುರುಮಾಡಿದಾಗ ಈ ಎಚ್ಚರವೇ ಆಸ್ಪತ್ರೆಯ ಬಾಗಿಲು ದಾಟಿತು. ಅಲ್ಲಿಂದ ಕಂಪನಿಗಳಿಗೆ, ಶಾಲೆಗಳಿಗೆ, ಕೊನೆಗೆ ನಮ್ಮ ಫೋನಿಗೆ ಬಂತು. ಹೋದದ್ದು ಇಲ್ಲಿಂದ, ಬಂದದ್ದು ಸುತ್ತಿಕೊಂಡು.

ಇನ್ನು ರಿಟ್ರೀಟ್. ಬುದ್ಧನ ಕಾಲದಲ್ಲಿ ಭಿಕ್ಷುಗಳು ವರ್ಷವಿಡೀ ಅಲೆಯುತ್ತಿದ್ದರು. ಮಳೆಗಾಲದಲ್ಲೂ ತಿರುಗುತ್ತಿದ್ದಾಗ ಜನ ದೂರಿದರೆಂದು ವಿನಯಪಿಟಕ ಹೇಳುತ್ತದೆ. ಈ ಸನ್ಯಾಸಿಗಳು ಹಸಿ ಹುಲ್ಲು ತುಳಿಯುತ್ತಾರೆ, ಸಣ್ಣ ಸಣ್ಣ ಜೀವಗಳನ್ನು ಕೊಲ್ಲುತ್ತಾರೆ, ಹಕ್ಕಿಗಳು ಕೂಡ ಮಳೆಗಾಲದಲ್ಲಿ ಮರದ ತುದಿಯಲ್ಲಿ ಗೂಡು ಕಟ್ಟಿಕೊಂಡು ಇರುವಾಗ ಇವರಿಗೇನು ಎಂಬುದು ದೂರು. ಆಗ ಹುಟ್ಟಿದ್ದು ವರ್ಷಾವಾಸದ ನಿಯಮ: ಆಷಾಢ ಹುಣ್ಣಿಮೆಯಿಂದ ಮೂರು ತಿಂಗಳು ಒಂದೇ ಕಡೆ ವಾಸ. ಜೈನ ಮುನಿಗಳ ಮತ್ತು ಅರ್ಜಿಕೆಯರ ಚಾತುರ್ಮಾಸ, ನಮ್ಮ ಮಠಗಳ ಯತಿಗಳ ಚಾತುರ್ಮಾಸ್ಯ ವ್ರತ ಇವೂ ಇದೇ ಮಳೆಗಾಲದ ಮಕ್ಕಳು.

ಇದರಲ್ಲಿ ಎರಡು ವಿಷಯ ಗಮನಿಸಬೇಕು. ಮೊದಲನೆಯದು, ಒಂದೆಡೆ ನಿಲ್ಲುವುದಕ್ಕೆ ಕೊಟ್ಟ ಕಾರಣ ತಮ್ಮ ನೆಮ್ಮದಿಯಲ್ಲ. ಚಿಗುರುವ ಹುಲ್ಲಿಗೂ ಹುಳುವಿಗೂ ತೊಂದರೆಯಾಗಬಾರದು ಎಂಬುದು. ಪ್ರಕೃತಿಯ ಜತೆ ನಂಟು ಎಂದರೆ ಅದನ್ನು ನೋಡಿ ಆನಂದಪಡುವುದಷ್ಟೇ ಅಲ್ಲ, ಅದಕ್ಕೆ ಜಾಗ ಬಿಟ್ಟುಕೊಡುವುದು. ಎರಡನೆಯದು, ಮೂರು ತಿಂಗಳು ಒಂದೆಡೆ ಇರಬೇಕಾದರೆ ಸೂರು ಬೇಕು, ನೀರು ಬೇಕು, ಅನ್ನ ಬೇಕು. ಊರಿನ ಗೃಹಸ್ಥರು ಅದನ್ನು ಕೊಡಬೇಕು. ಹೀಗೆ ಮಳೆಗಾಲದ ತಂಗುದಾಣಗಳು ಬೆಳೆದು ವಿಹಾರಗಳಾದವು.

ವಾಸ ಮುಗಿದ ದಿನ ‘ಪವಾರಣ’ ಎಂಬ ವಿಧಿ. ಪ್ರತಿಯೊಬ್ಬ ಭಿಕ್ಷುವೂ ಉಳಿದವರ ಮುಂದೆ ಕೈಮುಗಿದು, ನನ್ನಲ್ಲಿ ತಪ್ಪು ಕಂಡಿದ್ದರೆ, ಕೇಳಿದ್ದರೆ, ಅನುಮಾನವಿದ್ದರೂ ಸರಿ, ದಯಮಾಡಿ ಹೇಳಿ ಎಂದು ಕೇಳಿಕೊಳ್ಳಬೇಕು. ಮೂರು ತಿಂಗಳ ಧ್ಯಾನದ ಪರೀಕ್ಷೆ ಜತೆಗಿದ್ದವರ ಮುಂದೆಯೇ ನಡೆಯುತ್ತಿತ್ತು.

ಅನುರುದ್ಧ ಮತ್ತು ಅವನ ಇಬ್ಬರು ಸಂಗಾತಿಗಳ ಕಥೆ ನನಗೆ ಬಹಳ ಇಷ್ಟ. ಅವರು ಕಾಡಿನಲ್ಲಿ ಹಾಲು ನೀರು ಬೆರೆತಂತೆ ಇದ್ದರಂತೆ. ಭಿಕ್ಷೆಯಿಂದ ಮೊದಲು ಬಂದವನು ಆಸನ ಹಾಸಿ ನೀರು ತುಂಬಿಡುವುದು, ಕೊನೆಗೆ ಬಂದವನು ಪಾತ್ರೆ ತೊಳೆದು ಊಟದ ಜಾಗ ಗುಡಿಸುವುದು. ನೀರಿನ ಗಡಿಗೆ ಬರಿದಾದದ್ದು ಯಾರಿಗೆ ಕಂಡರೂ ಅವರೇ ತುಂಬುವುದು, ಭಾರವಾದರೆ ಮಾತಾಡದೆ ಕೈಸನ್ನೆಯಿಂದ ಇನ್ನೊಬ್ಬನನ್ನು ಕರೆಯುವುದು. ಮೌನ ಹೇಗೆ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ವಿವರಣೆ ನನಗೆ ಸಿಕ್ಕಿಲ್ಲ. ಗಡಿಗೆ ತುಂಬುವ ಕೆಲಸ ಹಂಚಿಕೆಯಾದರೆ ಮಾತ್ರ ಎಲ್ಲರಿಗೂ ಕುಳಿತುಕೊಳ್ಳಲು ಹೊತ್ತು ಸಿಗುತ್ತದೆ.

ಶ್ರೀಪರ್ವತದ ಮೂವರು

ಹೈದರಾಬಾದಿನಿಂದ ಸುಮಾರು 150 ಕಿ.ಮೀ. ದೂರದ ನಾಗಾರ್ಜುನಸಾಗರಕ್ಕೆ ನಾವೆಲ್ಲ ಪಿಕ್‌ನಿಕ್‌ಗೆ ಹೋದವರೇ. ಅಣೆಕಟ್ಟಿನ ನೀರಿನಡಿ ಮಲಗಿರುವುದು ವಿಜಯಪುರಿ. ಮೂರನೆಯ ಶತಮಾನದಲ್ಲಿ ಇಕ್ಷ್ವಾಕು ಅರಸರ ರಾಜಧಾನಿ. ಕೃಷ್ಣಾ ನದಿಯ ಕಣಿವೆ, ಮೂರು ಕಡೆ ನಲ್ಲಮಲದ ಬೆಟ್ಟಗಳು. ಆಗ ಇದಕ್ಕೆ ಶ್ರೀಪರ್ವತ ಎಂಬ ಹೆಸರೂ ಇತ್ತು. 1926ರಲ್ಲಿ ಈ ಅವಶೇಷಗಳು ಬೆಳಕಿಗೆ ಬಂದವು. ಅಣೆಕಟ್ಟಿಗೆ 1955ರ ಡಿಸೆಂಬರಿನಲ್ಲಿ ನೆಹರೂ ಅಡಿಗಲ್ಲು ಇಟ್ಟರು. ನೀರು ತುಂಬುವ ಮೊದಲು ಇಡೀ ಕಣಿವೆಯನ್ನು ಅಗೆದು ನೋಡುವ ದೊಡ್ಡ ಕೆಲಸ 1960ರವರೆಗೆ ನಡೆಯಿತು. ಮುಖ್ಯ ಕಟ್ಟಡಗಳನ್ನು ಎತ್ತಿ ತಂದು ಬೆಟ್ಟದ ಮೇಲೆ, ಅಂದರೆ ಇಂದಿನ ದ್ವೀಪದ ಮೇಲೆ, ಮತ್ತೆ ಜೋಡಿಸಿದರು. ದಡದ ಅನುಪುವಿನಲ್ಲೂ ಕೆಲವನ್ನು ಕಾಣಬಹುದು.

ಇಕ್ಷ್ವಾಕು ಅರಸರ ಮನೆಯಲ್ಲಿ ಒಂದು ವಿಚಿತ್ರ ಹೊಂದಾಣಿಕೆ. ಗಂಡಸರು ವೈದಿಕ ಯಾಗಗಳನ್ನು ಮಾಡುತ್ತಿದ್ದರು. ವಂಶದ ಮೊದಲ ದೊರೆ ಚಾಂತಮೂಲ ಅಶ್ವಮೇಧ ಮಾಡಿದವನು. ಅದೇ ಮನೆಯ ಹೆಣ್ಣುಮಕ್ಕಳು ಬೌದ್ಧ ವಿಹಾರಗಳನ್ನು ಕಟ್ಟಿಸುತ್ತಿದ್ದರು. ಅಲ್ಲಿನ ಪ್ರಾಕೃತ ಶಾಸನಗಳನ್ನು ಡಚ್ ವಿದ್ವಾಂಸ ಫೋಗೆಲ್ ಓದಿ ಪ್ರಕಟಿಸಿದಾಗ ಈ ಹೆಣ್ಣುಮಕ್ಕಳ ಹೆಸರುಗಳು ಒಂದೊಂದಾಗಿ ಹೊರಬಂದವು. ಮೂವರನ್ನು ಮಾತ್ರ ಇಲ್ಲಿ ನೆನೆಯುತ್ತೇನೆ.

ಮೊದಲನೆಯವಳು ಚಾಂತಿಸಿರಿ. ಚಾಂತಮೂಲನ ತಂಗಿ, ಮುಂದಿನ ದೊರೆ ವೀರಪುರುಷದತ್ತನಿಗೆ ಸೋದರತ್ತೆ, ಅಷ್ಟೇ ಅಲ್ಲ ಹೆಣ್ಣುಕೊಟ್ಟ ಅತ್ತೆ ಕೂಡ. ವೀರಪುರುಷದತ್ತನ ಆಳ್ವಿಕೆಯ ಆರನೆಯ ವರ್ಷದಲ್ಲಿ ಮಹಾಚೈತ್ಯದ ಕಂಬಗಳನ್ನು ನಿಲ್ಲಿಸಿದಳು. ಶ್ರಮಣರಿಗೆ, ಬ್ರಾಹ್ಮಣರಿಗೆ, ಬಡವರಿಗೆ ಕೊಡುಗೈಯವಳು ಎಂದು ಶಾಸನ ಹೊಗಳುತ್ತದೆ. ಆಕೆ ಬರೆಸಿದ ಸಂಕಲ್ಪ ನೋಡಿ: ಹುಟ್ಟಿದ ಮನೆ, ಸೇರಿದ ಮನೆ ಎರಡೂ ಕುಲಗಳ ಹಿತಕ್ಕಾಗಿ, ಜತೆಗೆ ತನಗೆ ನಿರ್ವಾಣ ಸಿಗಲಿ ಎಂದು. ಎರಡು ಮನೆಗಳ ಹೊರೆ ಹೊತ್ತ ಹೆಂಗಸು ಕೊನೆಯಲ್ಲಿ ತನಗೂ ಒಂದು ಬೇಕು ಎಂದು ಕಲ್ಲಿನ ಮೇಲೆ ಕೊರೆಯಿಸಿದ್ದಾಳೆ. ದೇವರ ಮುಂದೆ ನಿಂತಾಗ ಗಂಡ, ಮಕ್ಕಳು, ಮೊಮ್ಮಕ್ಕಳವರೆಗೆ ಎಲ್ಲರ ಹೆಸರು ಹೇಳಿ ನಮ್ಮ ಹೆಸರಿಗೆ ಬರುವ ಹೊತ್ತಿಗೆ ಮಂಗಳಾರತಿ ಮುಗಿಸುವ ನಮಗೆ ಇದು ನೆನಪಿರಬೇಕು.

ಎರಡನೆಯವಳು ಬೋಧಿಸಿರಿ. ಆಕೆ ರಾಣಿಯಲ್ಲ, ಗೃಹಸ್ಥ ಮನೆತನದ ಉಪಾಸಿಕೆ. ವೀರಪುರುಷದತ್ತನ ಹದಿನಾಲ್ಕನೆಯ ವರ್ಷದಲ್ಲಿ ಶ್ರೀಪರ್ವತದ ಚುಲಧಮ್ಮಗಿರಿಯ ಮೇಲೆ ಒಂದು ಚೈತ್ಯಗೃಹ ಕಟ್ಟಿಸಿ, ಸಿಂಹಳದ ಥೇರರಿಗೆ ಒಪ್ಪಿಸಿದಳು. ಧರ್ಮಪ್ರಚಾರಕ್ಕೆ ಈ ಥೇರರ ಪರಂಪರೆ ತಲುಪಿದ ನಾಡುಗಳ ಪಟ್ಟಿಯಲ್ಲಿ ಕಾಶ್ಮೀರ, ಗಾಂಧಾರ, ಚೀನಗಳ ಜತೆಗೆ ನಮ್ಮ ವನವಾಸಿಯೂ, ಅಂದರೆ ಬನವಾಸಿಯೂ ಇದೆ.

ಬೋಧಿಸಿರಿಯ ಶಾಸನದ ಉಳಿದ ಭಾಗ ಆಕೆ ಬೇರೆ ಬೇರೆ ಕಡೆ ಮಾಡಿಸಿದ ಕೆಲಸಗಳ ಪಟ್ಟಿ. ಸಿಂಹಳ ವಿಹಾರದಲ್ಲಿ ಬೋಧಿವೃಕ್ಷಕ್ಕೊಂದು ಗುಡಿ. ಮಹಾಧಮ್ಮಗಿರಿಯಲ್ಲಿ ಒಂದು ಕೋಣೆ, ಇನ್ನೊಂದು ಊರಲ್ಲಿ ಮೂರು ಕೋಣೆ, ಮತ್ತೊಂದರಲ್ಲಿ ಏಳು. ಪೂರ್ವಶೈಲದಲ್ಲಿ ಒಂದು ಕೆರೆ ಮತ್ತು ಮಂಟಪ. ದೇವಗಿರಿಯಲ್ಲಿ ಒಂದು ‘ಪಧಾನಶಾಲೆ’. ಪಧಾನ ಎಂದರೆ ಪ್ರಯತ್ನ, ಸಾಧನೆ. ಪಧಾನಶಾಲೆ ಎಂದರೆ ಸಾಧನೆಗೆಂದೇ ಮೀಸಲಾದ ಶಾಲೆ, ಇಂದಿನ ಮಾತಿನಲ್ಲಿ ಮೆಡಿಟೇಶನ್ ಹಾಲ್. ಮರ, ನೀರು, ಮಲಗಲು ಕೋಣೆ, ಕೂರಲು ಶಾಲೆ: ರಿಟ್ರೀಟಿಗೆ ಬೇಕಾದದ್ದೆಲ್ಲ ಈ ಪಟ್ಟಿಯಲ್ಲಿದೆ. ಪುಣ್ಯದ ಪಾಲುದಾರರಾಗಿ ಗಂಡ, ತಂದೆತಾಯಿ, ಅಣ್ಣತಮ್ಮ, ಅಕ್ಕತಂಗಿಯರ ದೊಡ್ಡ ಬಳಗವನ್ನೇ ಹೆಸರಿಸಿ, ಕೊನೆಗೆ ಇದು ಸರ್ವಲೋಕದ ಹಿತಸುಖಕ್ಕೆ ಎನ್ನುತ್ತಾಳೆ. ಕೆಲಸದ ಉಸ್ತುವಾರಿ ನೋಡಿದ ಥೇರರ ಹೆಸರು, ಕಲ್ಲುಕುಟಿಗ ವಿಧಿಕನ ಹೆಸರು ಕೂಡ ಅಲ್ಲಿದೆ.

ಮೂರನೆಯವಳು ನಮ್ಮ ಸೊಸೆ. ಹೌದು, ಕನ್ನಡ ನಾಡಿನ ಸೊಸೆ. ಅವಳ ಹೆಸರು ಕೊಡಬಲಿಸಿರಿ. ವೀರಪುರುಷದತ್ತನ ಮಗಳು, ಮುಂದಿನ ದೊರೆ ಎಹುವುಲ ಚಾಂತಮೂಲನ ಅಕ್ಕತಂಗಿಯರಲ್ಲಿ ಒಬ್ಬಳು. ಆಕೆಯನ್ನು ಶಾಸನ ‘ವನವಾಸಿಯ ಮಹಾರಾಜನ ಮಹಾದೇವಿ’ ಎಂದು ಕರೆಯುತ್ತದೆ. ಕದಂಬ ಮಯೂರಶರ್ಮನಿಗಿಂತಲೂ ಮೊದಲಿನ ಮಾತು ಇದು. ಎಹುವುಲನ ಹನ್ನೊಂದನೆಯ ವರ್ಷದಲ್ಲಿ ಆಕೆ ತವರಿನಲ್ಲಿ ಮಹೀಶಾಸಕ ಪಂಥದ ಭಿಕ್ಷುಗಳಿಗಾಗಿ ಒಂದು ವಿಹಾರ ಕಟ್ಟಿಸಿದಳು. ಮಲೆನಾಡಿನ ಅಂಚಿನ ಬನವಾಸಿಗೆ ಮದುವೆಯಾಗಿ ಹೋದವಳು ತವರನ್ನು ನೆನೆದದ್ದು ಒಂದು ಮೌನದ ಮನೆಯ ಮೂಲಕ.

ಅತ್ತ ಬನವಾಸಿಯಲ್ಲೂ ಇಂಥದೇ ಇನ್ನೊಂದು ಕಲ್ಲಿದೆ. ಮಧುಕೇಶ್ವರ ದೇವಾಲಯದ ಆವರಣದಲ್ಲಿ ಐದು ಹೆಡೆಯ ನಾಗನ ಶಿಲೆ. ಚುಟುಕುಲದ ದೊರೆಯ ಮಗಳು ಶಿವಖದನಾಗಸಿರಿ ಒಂದು ನಾಗ, ಒಂದು ಕೆರೆ, ಒಂದು ವಿಹಾರವನ್ನು ದಾನ ಮಾಡಿದಳೆಂದು ಅದರ ಪ್ರಾಕೃತ ಬರಹ ಹೇಳುತ್ತದೆ. ನಾಗಪ್ಪನಿಗೆ ಹಾಲೆರೆಯುವವರು, ಕೆರೆಯ ನೀರು ಹೊರುವವರು, ವಿಹಾರದಲ್ಲಿ ಧ್ಯಾನಕ್ಕೆ ಕೂರುವವರು ಎಲ್ಲರಿಗೂ ಅವಳ ಕೊಡುಗೆಯಲ್ಲಿ ಪಾಲಿತ್ತು.

ನಮ್ಮ ಮೆಟ್ರೋ ದಾರಿಯಲ್ಲೇ ಒಂದು ವಿಹಾರ

ನಾಗಾರ್ಜುನಸಾಗರದವರೆಗೂ ಹೋಗಬೇಕಾಗಿಲ್ಲ. ದಿಲ್‌ಸುಖ್‌ನಗರ ದಾಟಿ ಚೈತನ್ಯಪುರಿಯಲ್ಲಿ ಇಳಿದರೆ, ಮೂಸಿ ನದಿಯ ದಡದ ಗುಡ್ಡದಲ್ಲಿ ಕೊಸಗುಂಡ್ಲ ನರಸಿಂಹಸ್ವಾಮಿಯ ಗುಡಿ ಇದೆ. ಅಲ್ಲಿನ ಬಂಡೆಯ ಮೇಲೆ ಒಂದು ಪ್ರಾಕೃತ ಶಾಸನ. ಐದನೆಯ ಶತಮಾನದ ವಿಷ್ಣುಕುಂಡಿ ದೊರೆ ಗೋವಿಂದವರ್ಮನ ಕಾಲದ್ದು. ‘ಗೋವಿಂದರಾಜ ವಿಹಾರ’ದ ಮಾತು ಅದರಲ್ಲಿದೆ. ಭಿಕ್ಷಾನ್ನದಿಂದಲೇ ಬದುಕುವ ಪಿಂಡಪಾತಿಕ ಭಿಕ್ಷುಗಳಿಗೆ ಸಂಬಂಧಿಸಿದ್ದು. ಚಾರ್‌ಮಿನಾರಿಗಿಂತ ಸಾವಿರ ವರ್ಷ ಮೊದಲೇ ಈಗ ಹೈದರಾಬಾದ್ ಇರುವ ನೆಲದಲ್ಲಿ ಮೂಸಿಯ ತಿಳಿನೀರಿನ ಪಕ್ಕ ಕೆಲವರು ಮೌನವಾಗಿ ಕುಳಿತಿದ್ದರು ಎಂಬುದಕ್ಕೆ ಆ ಬಂಡೆ ಸಾಕ್ಷಿ. ಇವತ್ತಿನ ಮೂಸಿಯನ್ನು ನೋಡಿದವರಿಗೆ ನಾವು ಕಳೆದುಕೊಂಡದ್ದು ಏನೆಂದು ಹೇಳಬೇಕಾಗಿಲ್ಲ.

ಗೋವಿಂದವರ್ಮನ ಮನೆಯಲ್ಲೂ ಅದೇ ಕಥೆ. ತುಮ್ಮಲಗೂಡೆಂನಲ್ಲಿ ಸಿಕ್ಕಿದ ತಾಮ್ರಪಟಗಳ ಪ್ರಕಾರ, ಇಂದ್ರಪುರದಲ್ಲಿ ಅವನ ಪಟ್ಟದರಸಿ ಪರಮಮಹಾದೇವಿ ಒಂದು ವಿಹಾರ ಕಟ್ಟಿಸಿದ್ದಳು. ದೊರೆ ಆ ವಿಹಾರದ ಖರ್ಚಿಗೆ ಹಳ್ಳಿಗಳನ್ನು ಬಿಟ್ಟುಕೊಟ್ಟ. ಹೆಂಡತಿ ಮಾಡಿದ ಕೆಲಸಕ್ಕೆ ಗಂಡ ಬಜೆಟ್ ಕೊಟ್ಟ ಪ್ರಸಂಗ ಎನ್ನಬಹುದು.

ಬನವಾಸಿ ನಾಡಿನಿಂದ ಶ್ರೀಶೈಲಕ್ಕೆ

ಹೈದರಾಬಾದಿನ ಕನ್ನಡಿಗರಲ್ಲಿ ಅನೇಕರ ಮೂಲ ಬೀದರ್, ಕಲಬುರಗಿ, ರಾಯಚೂರು ಸೀಮೆ. 1956ರವರೆಗೆ ಆ ಜಿಲ್ಲೆಗಳೂ ಈ ನಗರವೂ ಒಂದೇ ರಾಜ್ಯ. ಅಲ್ಲಿನ ಕಲ್ಲುಗಳೂ ಇದೇ ಮಾತನ್ನು ಆಡುತ್ತವೆ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, 1931ರಲ್ಲಿ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳು ಸಿಕ್ಕಿದವು. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಹೆಸರಿನ ಸಮೇತ ಜಗತ್ತಿಗೆ ತಿಳಿಸಿದ್ದು ಮಸ್ಕಿಯ ಬಂಡೆ. ಈ ಶಾಸನಗಳ ತಿರುಳು ಇಷ್ಟು: ಉಪಾಸಕನಾದ ಮೇಲೂ ಮೊದಲು ನಾನು ಹೆಚ್ಚು ಶ್ರಮಪಡಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಶ್ರಮಪಟ್ಟೆ, ಇದರ ಫಲ ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಿಸಿದರೆ ಸಣ್ಣವರಿಗೂ ಸಿಗುತ್ತದೆ. ಸಂಘದ ಜತೆ ಸೇರಿದಾಗ ಪ್ರಯತ್ನ ಗಟ್ಟಿಯಾಯಿತು ಎಂದು ಒಬ್ಬ ಚಕ್ರವರ್ತಿ ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ, ಭೀಮಾ ದಡದ ಕನಗನಹಳ್ಳಿಯ ಸ್ತೂಪದಲ್ಲಿ ‘ರಾಯೊ ಅಸೋಕೊ’ ಎಂಬ ಬರಹದೊಡನೆ ಅವನ ಶಿಲ್ಪವೇ ಸಿಕ್ಕಿದೆ, ಪಕ್ಕದಲ್ಲಿ ರಾಣಿಯೂ ಇದ್ದಾಳೆ.

ಇಲ್ಲಿಯವರೆಗೆ ಹೇಳಿದ ಹೆಣ್ಣುಮಕ್ಕಳು ಕಟ್ಟಿಸಿದವರು. ತಾವೇ ಹೋಗಿ ಕುಳಿತವರು? ಭಿಕ್ಷುಣಿಯರ ಹೆಸರುಗಳು ಅಮರಾವತಿಯ ಕಲ್ಲುಗಳಲ್ಲಿವೆ. ಆದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿ. ಬನವಾಸಿ ನಾಡಿನ ಉಡುತಡಿಯವಳು. ಮನೆಯನ್ನೂ ಅರಮನೆಯನ್ನೂ ಬಿಟ್ಟು ನಡೆದು ಕಲ್ಯಾಣಕ್ಕೆ ಬಂದಳು. ಅನುಭವ ಮಂಟಪದಲ್ಲಿ ಅಲ್ಲಮಪ್ರಭುವಿನ ಕಠಿಣ ಪ್ರಶ್ನೆಗಳಿಗೆ ಉತ್ತರಿಸಿ ಶರಣರ ನಡುವೆ ಅಕ್ಕನಾದಳು. ಆಮೇಲೆ ಶ್ರೀಶೈಲದ ಕದಳಿಗೆ ಹೋಗಿ ಅಲ್ಲಿಯೇ ಐಕ್ಯಳಾದಳೆಂದು ಪರಂಪರೆ ಹೇಳುತ್ತದೆ. ಕೊಡಬಲಿಸಿರಿ ಕೃಷ್ಣಾ ತೀರದಿಂದ ಬನವಾಸಿಗೆ ಹೋದಳು. ಸುಮಾರು ಒಂಬೈನೂರು ವರ್ಷಗಳ ನಂತರ ಅಕ್ಕ ಬನವಾಸಿ ನಾಡಿನಿಂದ ಹೊರಟು ಅದೇ ಕೃಷ್ಣೆಯ ದಡಕ್ಕೆ, ಅದೇ ನಲ್ಲಮಲದ ಕಾಡಿಗೆ ಬಂದಳು. ಒಬ್ಬಳು ಇತರರ ಮೌನಕ್ಕೆ ಮನೆ ಕಟ್ಟಿಸಿದಳು, ಇನ್ನೊಬ್ಬಳು ಮನೆಯೇ ಬೇಡವೆಂದು ಹೊರಟಳು. ಅಕ್ಕನ ಹಾದಿಯಲ್ಲಿ ಕಲ್ಯಾಣದ ಬಳಗವೂ ಇದೆ, ಶ್ರೀಶೈಲದ ಕಾಡೂ ಇದೆ. ಬಳಗ ಮೊದಲು, ಏಕಾಂತ ಆಮೇಲೆ.

ನಮ್ಮಲ್ಲಿ ಹೆಚ್ಚಿನವರು ಅಕ್ಕನಂತೆ ಹೊರಡಲಾರೆವು. ಹೊರಡಬೇಕೆಂಬ ಆಸೆಯೂ ಇಲ್ಲ. ಹತ್ತು ದಿನ ಹೋಗಿ ವಾಪಸು ಬರುವ ಹಾದಿ ಬೇಕು ಅಷ್ಟೇ. ಆ ಹಾದಿಯೂ ನಮ್ಮ ಊರಿನಲ್ಲೇ ತೆರೆಯಿತು.

1976, ನಾಗಾರ್ಜುನಸಾಗರ ರಸ್ತೆ

ಬರ್ಮಾದ ಮಾಂಡಲೆಯಲ್ಲಿ 1924ರಲ್ಲಿ ಹುಟ್ಟಿದ ಸತ್ಯನಾರಾಯಣ ಗೋಯೆಂಕಾ ವ್ಯಾಪಾರಸ್ಥ ಮನೆತನದವರು. ವಿಪರೀತ ತಲೆನೋವಿಗೆ ಪರಿಹಾರ ಹುಡುಕುತ್ತ 1955ರಲ್ಲಿ ರಂಗೂನಿನ ಸಯಾಜಿ ಊ ಬಾ ಖಿನ್ ಅವರ ಹತ್ತಿರ ವಿಪಶ್ಯನ ಕಲಿತರು. ಆ ಗುರು ಸನ್ಯಾಸಿಯಲ್ಲ, ಸಂಸಾರಸ್ಥ. ಬರ್ಮಾ ಸರ್ಕಾರದಲ್ಲಿ ಅಕೌಂಟೆಂಟ್ ಜನರಲ್ ಆಗಿದ್ದವರು. ಗೃಹಸ್ಥರಿಗೆ ಮೂರು ತಿಂಗಳ ವರ್ಷಾವಾಸ ಸಾಧ್ಯವಿಲ್ಲ, ಹತ್ತು ದಿನ ಸಾಧ್ಯ ಎಂಬ ತಿಳುವಳಿಕೆ ಈ ಪರಂಪರೆಯದು.

ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದದ್ದರ ಹಿಂದೆಯೂ ಒಬ್ಬ ಹೆಣ್ಣುಮಗಳಿದ್ದಾಳೆ. ಅವರ ತಾಯಿಗೆ ಆರೋಗ್ಯ ಸರಿಯಿರಲಿಲ್ಲ. ತಾಯಿಗೆ ಇದನ್ನು ಕಲಿಸಬೇಕೆಂದು ಬಂದರು. ಆ ಜುಲೈ ತಿಂಗಳಲ್ಲಿ ಮುಂಬಯಿಯ ಒಂದು ಧರ್ಮಶಾಲೆಯಲ್ಲಿ ನಡೆದ ಮೊದಲ ಶಿಬಿರದಲ್ಲಿ ಅವರ ತಂದೆತಾಯಿಯರೂ ಸೇರಿ ಬೆರಳೆಣಿಕೆಯ ಮಂದಿ. ಮುಂದೆ ಕೆಲವು ವರ್ಷ ಧರ್ಮಶಾಲೆ, ಶಾಲೆ, ಆಶ್ರಮ ಎಂದು ಸಿಕ್ಕಿದ ಕಡೆ ಶಿಬಿರಗಳು ನಡೆದವು. ಸ್ವಂತ ಸೂರು ಇರಲಿಲ್ಲ. ಗೋಯೆಂಕಾ ಪಾಠ ಹೇಳುವಾಗ ಪಕ್ಕದಲ್ಲಿ ಮೌನವಾಗಿ ಕುಳಿತಿರುತ್ತಿದ್ದವರು ಅವರ ಪತ್ನಿ ಇಲಾಯಚಿ ದೇವಿ. ಸಾಧಕರು ಅವರನ್ನು ಮಾತಾಜಿ ಎನ್ನುತ್ತಿದ್ದರು.

ಭಾರತದಲ್ಲಿ ಈ ಪರಂಪರೆಯ ಮೊದಲ ಕೇಂದ್ರ ಎದ್ದದ್ದು ನಮ್ಮ ಹೈದರಾಬಾದಿನಲ್ಲಿ, 1976ರ ಸೆಪ್ಟೆಂಬರಿನಲ್ಲಿ. ವನಸ್ಥಲಿಪುರದ ಆಚೆ, ನಾಗಾರ್ಜುನಸಾಗರಕ್ಕೆ ಹೋಗುವ ರಸ್ತೆಯಲ್ಲಿ, ಕುಸುಮನಗರದಲ್ಲಿ. ಹೆಸರು ಧಮ್ಮಖೇತ್ತ, ಅಂದರೆ ಧರ್ಮಕ್ಷೇತ್ರ. ಇದರ ಹಿಂದಿದ್ದವರು ರತಿಲಾಲ್ ಮೆಹ್ತಾ ಎಂಬ ಜೈನ ವ್ಯಾಪಾರಿ. ಆಕಸ್ಮಿಕವಾಗಿ ಹೆಂಡತಿಯನ್ನು ಕಳೆದುಕೊಂಡ ದುಃಖದಲ್ಲಿ ಧ್ಯಾನದ ಕಡೆಗೆ ತಿರುಗಿ, ತಮ್ಮ ಮನೆಯ ಆವರಣದ ನೆಲದಲ್ಲೇ ಕೇಂದ್ರ ಬೆಳೆಸಿದರು. ವಿಜಯಪುರಿಯ ಕಡೆಗೆ ಹೋಗುವ ದಾರಿಯಲ್ಲೇ, ಚೈತನ್ಯಪುರಿಯ ಬಂಡೆಯಿಂದ ಸ್ವಲ್ಪ ದೂರದಲ್ಲೇ ಅದು ಎದ್ದಿತು. ಈಗ ನಾಗಾರ್ಜುನಸಾಗರದ ಹಿಲ್ ಕಾಲನಿಯಲ್ಲಿಯೂ ಧಮ್ಮ ನಾಗಜ್ಜುನ ಎಂಬ ಕೇಂದ್ರವಿದೆ.

ಅಲ್ಲಿನ ಹತ್ತು ದಿನಗಳ ಕ್ರಮ ಕೇಳಿದವರಿಗೆ ಗೊತ್ತು. ಬೆಳಗಿನ ನಾಲ್ಕಕ್ಕೆ ಗಂಟೆ, ರಾತ್ರಿ ಒಂಬತ್ತೂವರೆಗೆ ದೀಪ ಆರಿಸುವುದು. ದಿನಕ್ಕೆ ಹತ್ತು ಗಂಟೆಯಷ್ಟು ಕೂರುವುದು. ಮೊದಲ ಮೂರು ದಿನ ಉಸಿರಿನ ಗಮನ, ನಾಲ್ಕನೆಯ ದಿನದಿಂದ ಮೈಯ ಸಂವೇದನೆಗಳ ಗಮನ. ಫೋನ್ ಇಲ್ಲ, ಓದು ಬರಹ ಇಲ್ಲ, ಮಾತೂ ಇಲ್ಲ, ಕಣ್ಸನ್ನೆ ಕೂಡ ಇಲ್ಲ. ಹತ್ತನೆಯ ದಿನ ಮೈತ್ರಿಯ ಅಭ್ಯಾಸ, ಆಮೇಲೆ ಮಾತು ಬಿಚ್ಚುತ್ತದೆ. ಹೆಂಗಸರಿಗೂ ಗಂಡಸರಿಗೂ ವಾಸದ ಜಾಗ ಬೇರೆ ಬೇರೆ. ಊಟ ವಸತಿಗೆ ಶುಲ್ಕವಿಲ್ಲ. ಮೊದಲು ಶಿಬಿರ ಮುಗಿಸಿದವರು ಕೊಟ್ಟ ದಾನದಿಂದ ಈಗ ಕೂರುವವರ ಖರ್ಚು ನಡೆಯುತ್ತದೆ. ಅಡುಗೆ, ಬಡಿಸುವುದು, ಗಂಟೆ ಬಾರಿಸುವುದು ಇಂಥ ಕೆಲಸಗಳನ್ನು ಮೊದಲು ಕುಳಿತು ಹೋದವರೇ ಬಂದು ಸೇವೆಯಾಗಿ ಮಾಡುತ್ತಾರೆ. ಅನುರುದ್ಧನ ನೀರಿನ ಗಡಿಗೆ ಇಲ್ಲಿಯೂ ಇದೆ. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು ಅರ್ಜಿಯಲ್ಲಿ ಅದನ್ನು ತಿಳಿಸಬೇಕು, ವೈದ್ಯರನ್ನೂ ಕೇಳಬೇಕು. ಇದು ಔಷಧಿಗೆ ಬದಲಿ ಅಲ್ಲ.

ನಾನು ಒಮ್ಮೆ ಅಲ್ಲಿ ಹತ್ತು ದಿನ ಕುಳಿತಿದ್ದೇನೆ. ಧ್ಯಾನದ ಅನುಭವವನ್ನು ಬಣ್ಣಿಸುವುದಿಲ್ಲ, ಅದು ಅವರವರದು. ಹೊರಡುವ ಮೊದಲು ಮೂರು ದಿನ ಪಟ್ಟಿ ಬರೆದದ್ದು ಮಾತ್ರ ಹೇಳುತ್ತೇನೆ: ಹಾಲಿನವನ ಲೆಕ್ಕ, ಅತ್ತೆಯ ಮಾತ್ರೆಗಳು, ದೋಸೆ ಹಿಟ್ಟು ಎಷ್ಟು ದಿನಕ್ಕೆ, ಮೋಟರ್ ಯಾವಾಗ ಹಾಕಬೇಕು. ಪಕ್ಕದ ಮನೆಯ ಗೆಳತಿ ಬಂದು ಆ ಪಟ್ಟಿಯನ್ನು ನೋಡಿ, “ಇದರಲ್ಲಿ ಅರ್ಧ ನನಗೆ ಬಿಡಿ” ಎಂದಳು. ಅವಳಿಂದಾಗಿ ನಾನು ಹೋದೆ. ಅಲ್ಲಿ ಊಟದ ಸಾಲಿನಲ್ಲಿ ಸೌಟು ಹಿಡಿದು ನಿಂತಿದ್ದ, ಹೆಸರು ಕೇಳುವಂತಿಲ್ಲದ ಹೆಂಗಸನ್ನು ನೋಡಿದಾಗಲೆಲ್ಲ ನನಗೆ ಪಕ್ಕದ ಮನೆಯವಳ ನೆನಪಾಗುತ್ತಿತ್ತು.

ಇಂದಿನ ಶಿಬಿರಗಳು

ಧಮ್ಮಖೇತ್ತದ ಆಮೇಲೆ ನಮ್ಮ ನಗರದ ಸುತ್ತ ಬಹಳ ಬೆಳೆದಿದೆ. 1945ರಲ್ಲಿ ಶುರುವಾದ ಶ್ರೀ ರಾಮಚಂದ್ರ ಮಿಷನ್ ರಂಗಾರೆಡ್ಡಿ ಜಿಲ್ಲೆಯ ಕಾನ್ಹಾ ಶಾಂತಿವನದಲ್ಲಿ 2020ರ ಜನವರಿಯಲ್ಲಿ ಒಂದು ಲಕ್ಷ ಜನ ಒಟ್ಟಿಗೆ ಕೂರಬಹುದಾದ ಧ್ಯಾನಮಂದಿರ ತೆರೆಯಿತು. ಒಣ ನೆಲವಾಗಿದ್ದ ಆ ಜಾಗದಲ್ಲಿ ಈಗ ಹಸಿರು ತುಂಬಿದೆ. ರಸ್ತೆ ಅಗಲ ಮಾಡುವಾಗ ಕಡಿಯಬೇಕಾಗಿದ್ದ ಮರಗಳನ್ನು ಬೇರು ಸಮೇತ ತಂದು ನೆಟ್ಟು ಬದುಕಿಸಿದ ಕೆಲಸ ಅಲ್ಲಿ ನೋಡುವಂಥದ್ದು. ನಾಗಾರ್ಜುನಸಾಗರದಲ್ಲಿ 2022ರ ಮೇ ತಿಂಗಳಲ್ಲಿ ಸರ್ಕಾರದ ಬುದ್ಧವನಂ ತೆರೆದಿದೆ. ಇವುಗಳ ಜತೆಗೆ ರೆಸಾರ್ಟುಗಳ ವಾರಾಂತ್ಯದ ಶಿಬಿರಗಳು.

ರೆಸಾರ್ಟಿನ ಶಿಬಿರವನ್ನು ನಾನು ಹಗುರವಾಗಿ ಕಾಣುವುದಿಲ್ಲ. ದಣಿದವರಿಗೆ ಎರಡು ದಿನ ಮರದ ನೆರಳು ಸಿಕ್ಕರೂ ಅದು ಒಳ್ಳೆಯದೇ. ಆದರೆ ಹಳೆಯ ಶಾಸನಗಳನ್ನು ಓದಿದ ಮೇಲೆ ಯಾವುದೇ ಶಿಬಿರದ ಬಗ್ಗೆ ಮೂರು ಪ್ರಶ್ನೆ ಕೇಳಬೇಕೆನಿಸುತ್ತದೆ. ನಾವು ಬಂದದ್ದರಿಂದ ಆ ಜಾಗದ ಹುಲ್ಲಿಗೆ, ನೀರಿಗೆ ಏನಾಯಿತು? ಜತೆಗೆ ಕುಳಿತವರಿಗೂ ನಮಗೂ ಮುಗಿದ ಮೇಲೆ ಏನಾದರೂ ನಂಟು ಉಳಿಯಿತೇ? ನಾವು ಕುಳಿತಾಗ ಗಡಿಗೆ ತುಂಬಿದವರು ಯಾರು, ಅವರಿಗೆ ಕೂರುವ ಸರದಿ ಯಾವಾಗ? ವರ್ಷಾವಾಸದ ನಿಯಮ ಮೊದಲ ಪ್ರಶ್ನೆಯಿಂದ ಹುಟ್ಟಿತು, ಪವಾರಣ ಎರಡನೆಯದರಿಂದ. ಮೂರನೆಯದಕ್ಕೆ ನಾವೇ ಉತ್ತರ ಹುಡುಕಬೇಕು.

ನಮ್ಮ ವೇದಿಕೆಗೊಂದು ಸಲಹೆ

ಬೋಧಿಸಿರಿ ದೇವಗಿರಿಯಲ್ಲಿ ಪಧಾನಶಾಲೆ ಕಟ್ಟಿಸಿದಳೆಂದು ಶಾಸನ ಹೇಳುತ್ತದೆ. ಆ ಶಾಲೆಯಲ್ಲಿ ಅವಳು ಒಂದು ದಿನವಾದರೂ ಕಣ್ಣುಮುಚ್ಚಿ ಕುಳಿತಳೇ ಎಂಬ ಮಾತು ಅದರಲ್ಲಿಲ್ಲ. ಕಟ್ಟಿಸಿದ್ದು ದಾನ, ಅದನ್ನು ಕಲ್ಲಿನಲ್ಲಿ ಬರೆಯುತ್ತಾರೆ. ಕುಳಿತದ್ದನ್ನು ಬರೆಯುವುದಿಲ್ಲ. ನಮ್ಮ ಮನೆಗಳಲ್ಲಿಯೂ ಹೀಗೇ. ಗ್ರಹಣದ ಜಪಕ್ಕೆ, ನವರಾತ್ರಿಯ ಪಾರಾಯಣಕ್ಕೆ, ಅಯ್ಯಪ್ಪ ಮಾಲೆ ಹಾಕಿದವರ ನಲವತ್ತೊಂದು ದಿನದ ವ್ರತಕ್ಕೆ ಮಡಿ ಅಡುಗೆ ಮಾಡಿ ಇಡುವವರು ನಾವು. ಮನೆಯವರೆಲ್ಲರ ಏಕಾಂತಕ್ಕೆ ನಾವು ಸೂರು. ನಮ್ಮ ಏಕಾಂತಕ್ಕೆ ಸೂರು ಯಾರು?

ಒಬ್ಬರಿಗೊಬ್ಬರು ನಾವೇ ಆಗಬಹುದು. ಹಣ ಬೇಕಿಲ್ಲ, ಕಟ್ಟಡ ಬೇಕಿಲ್ಲ. ವೇದಿಕೆಯ ಸದಸ್ಯೆ ಯಾರಾದರೂ ಹತ್ತು ದಿನದ ಶಿಬಿರಕ್ಕೋ, ಎರಡು ದಿನದ ಶಿಬಿರಕ್ಕೋ ಹೋಗಬೇಕೆಂದರೆ, ಅವಳ ಬಡಾವಣೆಯ ನಾಲ್ಕು ಜನ ಅವಳ ಪಟ್ಟಿಯನ್ನು ಹಂಚಿಕೊಳ್ಳಲಿ. ಒಬ್ಬರು ಮಕ್ಕಳನ್ನು ಶಾಲೆಗೆ ಬಿಡುವುದು, ಒಬ್ಬರು ಮಧ್ಯಾಹ್ನದ ಡಬ್ಬಿ ಕಳಿಸುವುದು, ಒಬ್ಬರು ಸಂಜೆ ಹೋಗಿ ಹಿರಿಯರ ಜತೆ ಒಂದು ತಾಸು ಕನ್ನಡದಲ್ಲಿ ಮಾತಾಡಿ ಬರುವುದು. ಮನೆಯ ಗಂಡಸರಿಗೂ ಪಟ್ಟಿಯಲ್ಲಿ ಪಾಲು ಇರಲಿ, ಗೋವಿಂದವರ್ಮನ ಉದಾಹರಣೆ ಕೊಡಿ. ಅವಳು ಬಂದ ಮೇಲೆ ಮುಂದಿನವಳ ಪಟ್ಟಿಯಲ್ಲಿ ಅವಳ ಸರದಿ.

ಮೊದಲ ಹೆಜ್ಜೆಯಾಗಿ ಈ ಆಷಾಢ ಹುಣ್ಣಿಮೆಯ ಆಸುಪಾಸಿನ ಒಂದು ಭಾನುವಾರ ಬೆಳಗ್ಗೆ ಚೈತನ್ಯಪುರಿಯ ಗುಡ್ಡಕ್ಕೆ ಹೋಗೋಣ. ಮಕ್ಕಳಿಗೆ ಬಂಡೆಯ ಮೇಲಿನ ಅಕ್ಷರ ತೋರಿಸೋಣ, ಅರ್ಧ ಗಂಟೆ ಸುಮ್ಮನೆ ಕೂರೋಣ. ತಿಂಡಿಯ ಡಬ್ಬಿ ಎಲ್ಲರೂ ತರಲಿ, ಪ್ಲಾಸ್ಟಿಕ್ ಯಾರೂ ತರುವುದು ಬೇಡ. ಮಳೆ ಸಾಕಷ್ಟು ಬಂದ ವರ್ಷವಾದರೆ ಸೆಪ್ಟೆಂಬರಿನಲ್ಲಿ ಒಂದು ದಿನ ಅನುಪುವಿಗೂ ಹೋಗಬಹುದು. ಆಗ ಆ ಕಣಿವೆಯಲ್ಲಿ ನೀರು ತುಂಬಿರುತ್ತದೆ, ಬೆಟ್ಟಗಳು ಹಸಿರಾಗಿರುತ್ತವೆ. ಅಲ್ಲಿ ಸಾಲಾಗಿ ಕಟ್ಟಿದ ಭಿಕ್ಷುಗಳ ಕೋಣೆಗಳ ಬುನಾದಿ ನೋಡಿದರೆ, ಒಬ್ಬ ಮನುಷ್ಯನ ನೆಮ್ಮದಿಗೆ ಎಷ್ಟು ಕಡಿಮೆ ಜಾಗ ಸಾಕೆಂದು ತಿಳಿಯುತ್ತದೆ.

ಬರುವವರು ವೇದಿಕೆಯ ಕಾರ್ಯದರ್ಶಿಯವರಿಗೆ ಹೆಸರು ತಿಳಿಸಿ. ಶಿಬಿರಕ್ಕೆ ಹೋಗಬೇಕೆನ್ನುವವರ ಹೆಸರು ಒಂದು ಕಡೆ, ಅವರ ಪಟ್ಟಿ ಹಂಚಿಕೊಳ್ಳುವವರ ಹೆಸರು ಇನ್ನೊಂದು ಕಡೆ ಬರೆದುಕೊಳ್ಳೋಣ. ಎರಡನೆಯ ಪಟ್ಟಿಯಲ್ಲಿ ನನ್ನ ಹೆಸರನ್ನು ಮೊದಲು ಸೇರಿಸಿಕೊಳ್ಳಿ.